ಮನೆಯಲ್ಲೇ ಕಸುವು ಕಟ್ಟಿಕೊಳ್ಳಲು ಹೊಸಬರಿಗೆ ಮೊದಲ 12 ವಾರದ ದಾರಿ

ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಮನೆ ಸೇರುವವರು, ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಶಿಫ್ಟ್ ಲೆಕ್ಕದಲ್ಲಿ ದುಡಿಯುವವರು, ಹಸು-ಕರು, ಅಡುಗೆ, ಮಕ್ಕಳ ಶಾಲೆಯ ನಡುವೆ ದಿನ ಮುಗಿದದ್ದೇ ತಿಳಿಯದ ಹೆಂಗಸರು. ಕೋಲಾರ ಜಿಲ್ಲೆಯಲ್ಲಿ ಇಂಥವರಿಗೆ ಜಿಮ್‌ಗೆ ಹೋಗಿಬರುವಷ್ಟು ಬಿಡುವು ಸಿಗುವುದು ಕಷ್ಟ. ಈ ಬರಹ ಅವರಿಗಾಗಿ. ಬೇಕಾದದ್ದು ಒಂದು ಚಾಪೆ, ಒಂದು ಗೋಡೆ, ಅಲುಗಾಡದ ಕುರ್ಚಿ, ಹಳೆಯ ಶಾಲಾ ಬ್ಯಾಗು, ಎರಡು ನೀರಿನ ಕ್ಯಾನು, ಒಂದು ನೋಟ್‌ಬುಕ್ಕು. ವಾರಕ್ಕೆ ಎರಡು ದಿನ, ದಿನಕ್ಕೆ ಅರ್ಧ ಗಂಟೆ.

ಇವುಗಳಲ್ಲಿ ಯಾವುದನ್ನು ಬಿಟ್ಟರೂ ನೋಟ್‌ಬುಕ್ಕನ್ನು ಬಿಡಬೇಡಿ. ಹೊಸಬರು ಯಾವ ವ್ಯಾಯಾಮ ಒಳ್ಳೆಯದು ಎಂದು ಹುಡುಕುತ್ತಾ ತಿಂಗಳು ಕಳೆಯುತ್ತಾರೆ. ಕಳೆದ ವಾರ ಎತ್ತಿದ್ದಕ್ಕಿಂತ ಈ ವಾರ ಒಂದು ಚೂರು ಹೆಚ್ಚು ಎತ್ತಿದಿರಾ ಎಂಬುದೇ ಮೈಗೆ ಕಸುವು ತರುವ ಲೆಕ್ಕ. ಬರೆದಿಟ್ಟುಕೊಳ್ಳದಿದ್ದರೆ ಆ ಲೆಕ್ಕ ಸಿಗುವುದಿಲ್ಲ.

"ನಾವು ದಿನಾ ಮೈಮುರಿದು ದುಡಿಯುತ್ತೇವೆ, ಇದೆಲ್ಲ ನಮಗೆ ಯಾಕೆ?" ಎಂದು ನಮ್ಮೂರುಗಳಲ್ಲಿ ಕೇಳುವವರು ಬಹಳ. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು. ಕಳೆ ಕೀಳುವುದು, ಸೊಪ್ಪು ಕೊಯ್ಯುವುದು, ಟೊಮೆಟೊ ಬಿಡಿಸುವುದು ನಿಜಕ್ಕೂ ಕಷ್ಟದ ಕೆಲಸ. ಆದರೆ ಅವು ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ, ಅವೇ ಕೀಲುಗಳ ಮೇಲೆ ನಡೆಯುತ್ತವೆ. ಅಲ್ಲಿ ಭಾರ ಹಂತಹಂತವಾಗಿ ಏರುವುದಿಲ್ಲ, ಮೈ ಸುಧಾರಿಸಿಕೊಳ್ಳಲು ಬಿಡುವಿಲ್ಲ. ಹಾಗಾಗಿ ಸೊಂಟ ಸವೆಯುತ್ತದೆ, ತೊಡೆ ಮತ್ತು ಬೆನ್ನಿನ ಮೇಲ್ಭಾಗ ಬಲವಾಗುವುದಿಲ್ಲ. ನಮ್ಮ ತಂದೆ-ತಾಯಂದಿರು ಮಾಡುತ್ತಿದ್ದ ಕೆಲಸದಲ್ಲಿ ಅರ್ಧ ನಾವು ಮಾಡುತ್ತಿಲ್ಲ ಎಂಬುದೂ ನಿಜ. ನೀರು ಸೇದುವ ಬಾವಿ ಬತ್ತಿತು, ರಾಗಿ ಬೀಸುವ ಕಲ್ಲು ಮೂಲೆ ಸೇರಿತು, ಡೇರಿಗೆ ಹಾಲು ಸ್ಕೂಟರಿನಲ್ಲಿ ಹೋಗುತ್ತದೆ.

30 ವರ್ಷ ದಾಟಿದ ಮೇಲೆ ಸುಮ್ಮನಿದ್ದರೆ ಪ್ರತಿ 10 ವರ್ಷಕ್ಕೆ ಸುಮಾರು ನೂರಕ್ಕೆ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. 60ರ ನಂತರ ಆ ವೇಗ ಇನ್ನೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಚಟುವಟಿಕೆ, ಅದರ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಎಲ್ಲ ಮುಖ್ಯ ಸ್ನಾಯುಗಳಿಗೂ ಬಲ ಕೊಡುವ ವ್ಯಾಯಾಮ ಬೇಕೆಂದಿದೆ. ಬೆಳಗಿನ ವಾಕಿಂಗ್, ಅಂತರಗಂಗೆ ಮೆಟ್ಟಿಲು ಹತ್ತುವುದು ಮೊದಲನೆಯದಕ್ಕೆ ಆಗುತ್ತದೆ. ಎರಡನೆಯದನ್ನು ಬೇರೆಯಾಗಿಯೇ ಮಾಡಬೇಕು.

ಮೊದಲು ಮೈ ಪರೀಕ್ಷೆ

ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಹರ್ನಿಯಾ, ಇತ್ತೀಚಿನ ಆಪರೇಷನ್, ಬೆನ್ನಿನಿಂದ ಕಾಲಿಗೆ ಇಳಿಯುವ ಜೋಮು-ನೋವು, ಗರ್ಭಾವಸ್ಥೆ, ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಅವರಲ್ಲಿಯೂ ಬಹಳ ಜನರಿಗೆ ಕಸುವಿನ ವ್ಯಾಯಾಮ ಬೇಕೇಬೇಕು. ಎಷ್ಟು, ಯಾವುದು ಎಂಬುದಷ್ಟೇ ಬದಲಾಗುತ್ತದೆ.

ನಮ್ಮ ಭಾಗದವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯ ಆಳದ ಬೋರ್‌ವೆಲ್ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುವುದು ಮೊದಲು ಕಾಣುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದು, ಬಹುಕಾಲ ಕುಡಿದವರಲ್ಲಿ ಕುತ್ತಿಗೆ, ಬೆನ್ನು, ಮಂಡಿ ಬಿಗಿಯಾಗಿ ನೋಯತೊಡಗುತ್ತವೆ. ಕುತ್ತಿಗೆ ತಿರುಗಿಸಲು, ನೆಲಕ್ಕೆ ಬಾಗಲು ಕಷ್ಟವಾಗುವಷ್ಟು ಬಿಗಿತ ಇದ್ದರೆ ಅದನ್ನು "ವ್ಯಾಯಾಮ ಇಲ್ಲದ್ದಕ್ಕೆ" ಎಂದು ತಳ್ಳಿಹಾಕಬೇಡಿ. ಮೂಳೆ ಡಾಕ್ಟರಿಗೆ ತೋರಿಸಿ, ಮನೆಯ ನೀರನ್ನು ಪರೀಕ್ಷೆ ಮಾಡಿಸಿ, ಆಮೇಲೆ ಶುರು ಮಾಡಿ.

ತೊಂದರೆ ಏನೂ ಇಲ್ಲದವರು ಮನೆಯಲ್ಲೇ ಎರಡು ಪರೀಕ್ಷೆ ಮಾಡಿಕೊಳ್ಳಬಹುದು. ಕುರ್ಚಿಯ ಮೇಲೆ ಕೂತು, ಎರಡೂ ಕೈ ಎದೆಗೆ ಅಡ್ಡ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಣಿಸಿ. ಗೋಡೆಯಿಂದ ಒಂದು ತೋಳಳತೆ ದೂರ ನಿಂತು, ಗೋಡೆಗೆ ಕೈಯೂರಿ ಎಷ್ಟು ಪುಷ್‌ಅಪ್ ಆಗುತ್ತದೆ ನೋಡಿ. ಎರಡೂ ಅಂಕಿಯನ್ನು ತಾರೀಖಿನ ಜೊತೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಬೇರೆಯವರ ಅಂಕಿ ನಿಮಗೆ ಬೇಡ.

ಭಾರ ಎಲ್ಲಿಂದ?

ಒಂದು ಲೀಟರ್ ನೀರು ಒಂದು ಕೆ.ಜಿ. ಇಷ್ಟು ಗೊತ್ತಿದ್ದರೆ ಮನೆಯಲ್ಲಿ ತಕ್ಕಡಿಯೂ ಬೇಡ. ಒಂದು ಲೀಟರಿನ ಬಾಟಲಿಗೆ ಒಣ ಮರಳು ತುಂಬಿದರೆ ಸುಮಾರು ಒಂದೂವರೆ ಕೆ.ಜಿ ಆಗುತ್ತದೆ. ಶಾಲಾ ಬ್ಯಾಗಿನಲ್ಲಿ ಇಂಥ ಬಾಟಲಿಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗಬಹುದು. ಅಲುಗಾಡದಂತೆ ಸುತ್ತ ಹಳೆ ಟವಲ್ಲು ತುರುಕಿ. ಬ್ಯಾಗಿನ ಹಿಡಿ ಹರಿದಿದ್ದರೆ ಡಬಲ್ ಹೊಲಿಗೆ ಹಾಕಿಸಿಕೊಳ್ಳಿ. 5 ಕೆ.ಜಿ ಅಕ್ಕಿ ಚೀಲ, ರಾಗಿ ಚೀಲ, 20 ಲೀಟರಿನ ನೀರಿನ ಕ್ಯಾನು ಎಲ್ಲವೂ ಬಳಕೆಗೆ ಬರುತ್ತವೆ. ಕ್ಯಾನಿನ ಅನುಕೂಲ ದೊಡ್ಡದು. ಇವತ್ತು 6 ಲೀಟರ್, ಮುಂದಿನ ವಾರ 7 ಲೀಟರ್ ಎಂದು ಬೇಕಾದಷ್ಟೇ ತುಂಬಬಹುದು.

ಗ್ಯಾಸ್ ಸಿಲಿಂಡರ್ ಮಾತ್ರ ಮುಟ್ಟಬೇಡಿ. ತುಂಬಿದ ಮನೆ ಸಿಲಿಂಡರಿನಲ್ಲಿ 14.2 ಕೆ.ಜಿ ಗ್ಯಾಸ್ ಇರುತ್ತದೆ, ಕಬ್ಬಿಣ ಸೇರಿ ಒಟ್ಟು 30 ಕೆ.ಜಿ ಹತ್ತಿರ ಹೋಗುತ್ತದೆ. ಹೊಸಬರಿಗೆ ಅದು ಅತಿ ಭಾರ, ಕೈಜಾರಿದರೆ ಅಪಾಯ. ಕೆಲವು ವಿಡಿಯೋಗಳಲ್ಲಿ ಹುಡುಗರು ಅದನ್ನೇ ತಲೆ ಮೇಲೆತ್ತುತ್ತಾರೆ, ಅನುಸರಿಸಬೇಡಿ.

ಜಾಗ ಆರು ಅಡಿ ಉದ್ದ, ಮೂರು ಅಡಿ ಅಗಲ ಇದ್ದರೆ ಸಾಕು. ರೆಡ್ ಆಕ್ಸೈಡ್ ನೆಲವೋ ಟೈಲ್ಸ್ ನೆಲವೋ ಆಗಿದ್ದರೆ ಒದ್ದೆ ಇರಬಾರದು, ಸಾಕ್ಸ್ ಹಾಕಿಕೊಂಡು ಮಾಡಬಾರದು. ಬರಿಗಾಲೇ ಒಳ್ಳೆಯದು. ಸೀರೆಯಲ್ಲಿ ಮಾಡುವವರು ಸೆರಗು ಸಿಕ್ಕಿಸಿ, ನೆರಿಗೆ ಕಾಲಿಗೆ ತೊಡರದಂತೆ ಎತ್ತಿಕಟ್ಟಿಕೊಳ್ಳಿ. ಚೂಡಿದಾರ್ ಆದರೆ ಇನ್ನೂ ಸಲೀಸು.

ಐದು ನಿಮಿಷ ಮೈ ಬೆಚ್ಚಗೆ

ಇದ್ದಲ್ಲೇ ನಡೆಯುವುದು, ಭುಜ ತಿರುಗಿಸುವುದು, ಸೊಂಟ ಹಿಂದೆ-ಮುಂದೆ ಆಡಿಸುವುದು, ಕಿಟಕಿ ಸರಳು ಹಿಡಿದು ಹತ್ತು ಸಲ ಅರ್ಧ ಬಸ್ಕಿ. ಡಿಸೆಂಬರ್-ಜನವರಿಯ ಚಳಿ ಬೆಳಗಿನಲ್ಲಿ ಹತ್ತು ನಿಮಿಷ ಕೊಡಿ. ಏಪ್ರಿಲ್-ಮೇನಲ್ಲಿ ಶೀಟ್ ಮನೆಯವರು ಬಿಸಿಲೇರುವ ಮುಂಚೆಯೇ ಮುಗಿಸಿಬಿಡಿ.

ಐದು ಚಲನೆಗಳು

ಕೂತು ಏಳುವುದು, ತಳ್ಳುವುದು, ಎಳೆಯುವುದು, ಬಗ್ಗಿ ಎತ್ತುವುದು, ಹೊತ್ತು ನಡೆಯುವುದು. ದಿನನಿತ್ಯ ಮೈ ಮಾಡುವ ಭಾರದ ಕೆಲಸಗಳೆಲ್ಲ ಹೆಚ್ಚುಕಡಿಮೆ ಈ ಐದರಲ್ಲೇ ಬರುತ್ತವೆ. ಐದನ್ನೂ ಪ್ರತಿ ಸಲ ಮಾಡಿ. ಒಂದು ದಿನ ಕೈ, ಇನ್ನೊಂದು ದಿನ ಕಾಲು ಎಂದು ಹಂಚಿಕೊಳ್ಳುವ ಪದ್ಧತಿ ವಾರಕ್ಕೆ ನಾಲ್ಕೈದು ದಿನ ಮಾಡುವವರಿಗೆ. ಹೊಸಬರಿಗೆ ಅದರ ಅಗತ್ಯ ಇಲ್ಲ.

ಕೂತು ಏಳುವುದು. ಕುರ್ಚಿಯ ಮುಂದೆ ನಿಲ್ಲಿ, ಪಾದ ಭುಜದಷ್ಟು ಅಗಲ, ಬೆರಳು ತುಸು ಹೊರಕ್ಕೆ. ಮೂರು ಎಣಿಸುತ್ತಾ ನಿಧಾನ ಇಳಿದು ಕುರ್ಚಿಗೆ ಮೆಲ್ಲಗೆ ತಾಗಿ, ಹಿಮ್ಮಡಿ ಒತ್ತಿ ಮೇಲೇಳಿ. ದೊಪ್ಪನೆ ಕೂರಬಾರದು. ಮಂಡಿ ಒಳಗೆ ವಾಲದೆ ಕಾಲ್ಬೆರಳಿನ ದಿಕ್ಕಿಗೇ ಇರಬೇಕು. ಇದು ಸುಲಭವಾದಾಗ ಕುರ್ಚಿ ತೆಗೆಯಿರಿ. ಅದೂ ಸುಲಭವಾದಾಗ ಬ್ಯಾಗನ್ನು ಎದೆಗೆ ಅಪ್ಪಿಕೊಂಡು ಮಾಡಿ. ಕುಕ್ಕರಗಾಲಲ್ಲಿ ಕೂರುವ ರೂಢಿ ಇನ್ನೂ ಇರುವವರು, ನೋವಿಲ್ಲದಿದ್ದರೆ, ಪೂರ್ತಿ ಕೆಳಗೆ ಹೋಗಬಹುದು. ಮಂಡಿ ನೋವಿರುವವರು ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿಕೊಂಡು ಶುರು ಮಾಡಲಿ. ಕಾಲಿಗೆ ಬಲ ಬಂದಂತೆ ಒಂದೊಂದೇ ದಿಂಬು ತೆಗೆಯಿರಿ.

ತಳ್ಳುವುದು. ಗೋಡೆ ಪುಷ್‌ಅಪ್‌ನಿಂದ ಶುರು. ತಲೆಯಿಂದ ಹಿಮ್ಮಡಿವರೆಗೆ ಮೈ ಒಂದೇ ಗೆರೆಯಲ್ಲಿರಲಿ, ಮೊಣಕೈ ಪಕ್ಕಕ್ಕೆ ಅಗಲಿಸದೆ ತುಸು ಹಿಂದಕ್ಕೆ. ಗೋಡೆಯಲ್ಲಿ 12 ಸಲೀಸಾದರೆ ಅಡುಗೆ ಕಟ್ಟೆ, ಆಮೇಲೆ ಜಗಲಿ, ಆಮೇಲೆ ಮೆಟ್ಟಿಲು, ಕೊನೆಗೆ ನೆಲ. ಕೈ ಇಡುವ ಜಾಗ ಕೆಳಗಿಳಿದಷ್ಟೂ ಭಾರ ಏರುತ್ತದೆ. ಗರಡಿ ಮನೆಯ ದಂಡ ಬಹಳ ಒಳ್ಳೆಯ ವ್ಯಾಯಾಮ. ಅದರಲ್ಲಿ ಭುಜ ಮತ್ತು ಸೊಂಟ ಒಟ್ಟಿಗೆ ಬಾಗಿ ತಿರುಗುವುದರಿಂದ, ನೆಲದ ಮೇಲೆ 10 ಸಾದಾ ಪುಷ್‌ಅಪ್ ಆಗುವವರೆಗೆ ಕಾಯುವುದು ಸರಿ.

ಎಳೆಯುವುದು. ಒಂದು ಕೈಯನ್ನು ಕುರ್ಚಿಯ ಮೇಲೆ ಊರಿ, ಬೆನ್ನು ಚಪ್ಪಟೆ ಮಾಡಿ ಬಾಗಿ, ಇನ್ನೊಂದು ಕೈಯಲ್ಲಿ ಬ್ಯಾಗಿನ ಹಿಡಿ ಹಿಡಿಯಿರಿ. ಮೊಣಕೈಯನ್ನು ಸೊಂಟದ ಕಡೆಗೆ ಎಳೆದು, ಒಂದು ಕ್ಷಣ ನಿಲ್ಲಿಸಿ, ನಿಧಾನ ಇಳಿಸಿ. ಮನೆಯಲ್ಲಿ ವ್ಯಾಯಾಮ ಮಾಡುವವರು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ. ಪುಷ್‌ಅಪ್‌ಗೆ ನೆಲ ಸಾಕು, ಎಳೆಯಲು ಏನಾದರೂ ವಸ್ತು ಬೇಕಲ್ಲ. ದಿನವಿಡೀ ಬೈಕು, ಮೊಬೈಲು, ಹೊಲಿಗೆ ಮೆಷೀನು, ಅಸೆಂಬ್ಲಿ ಲೈನ್ ಎಂದು ಭುಜ ಮುಂದೆ ಬಾಗಿಯೇ ಇರುವ ನಮಗೆ ಬೆನ್ನಿನ ಮೇಲ್ಭಾಗಕ್ಕೆ ಬಲ ಕೊಡುವ ಈ ಚಲನೆ ಬಹಳ ಮುಖ್ಯ. ಎಷ್ಟು ತಳ್ಳುತ್ತೀರೋ ಅಷ್ಟು ಎಳೆಯಲೇಬೇಕು.

ಬಗ್ಗಿ ಎತ್ತುವುದು. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ, ನಮ್ಮ ಕಡೆಯ ಸೊಂಟ ನೋವಿಗೂ ಇದಕ್ಕೂ ನೇರ ಸಂಬಂಧವಿದೆ. ಕೋಲಾರದ ಎಪಿಎಂಸಿಗೆ ಹೋಗುವ ಟೊಮೆಟೊ ಕ್ರೇಟು ತುಂಬಿದಾಗ ಸುಮಾರು 15 ಕೆ.ಜಿ. ಸುಗ್ಗಿಯಲ್ಲಿ ಅದನ್ನು ದಿನಕ್ಕೆ ನೂರಾರು ಸಲ ಎತ್ತಿ ಇಳಿಸುವವರಿದ್ದಾರೆ. ಮಂಡಿ ನೆಟ್ಟಗಿಟ್ಟು, ಬೆನ್ನು ಬಿಲ್ಲಾಗಿಸಿ ಎತ್ತಿದರೆ ಭಾರವೆಲ್ಲ ಸೊಂಟದ ಸಣ್ಣ ಸ್ನಾಯುಗಳ ಮೇಲೆ ಬೀಳುತ್ತದೆ. ಎತ್ತಬೇಕಾದ ದೊಡ್ಡ ಸ್ನಾಯುಗಳು ಪಿರ್ರೆಯಲ್ಲಿವೆ, ತೊಡೆಯ ಹಿಂಭಾಗದಲ್ಲಿವೆ. ಅವಕ್ಕೆ ಕೆಲಸ ಕೊಡುವುದನ್ನು ಕಲಿಯುವುದೇ ಈ ಚಲನೆ.

ಮೊದಲು ಭಾರವಿಲ್ಲದೆ ಕಲಿಯಿರಿ. ಗೋಡೆಗೆ ಬೆನ್ನು ಮಾಡಿ, ಒಂದು ಪಾದದಷ್ಟು ಮುಂದೆ ನಿಲ್ಲಿ. ಮಂಡಿಯನ್ನು ತುಸುವೇ ಸಡಿಲ ಬಿಟ್ಟು, ಪಿರ್ರೆಯನ್ನು ಹಿಂದಕ್ಕೆ ತಳ್ಳಿ ಗೋಡೆಗೆ ತಾಗಿಸಿ. ಎರಡೂ ಕೈಯಲ್ಲಿ ಬಿಂದಿಗೆ ಹಿಡಿದಿರುವಾಗ ಹಿಂದಿನ ಬಾಗಿಲನ್ನು ಸೊಂಟದಿಂದ ತಳ್ಳುತ್ತೀರಲ್ಲ, ಹಾಗೆ. ಎದೆ ತಾನಾಗಿ ಮುಂದೆ ಬಾಗುತ್ತದೆ, ಬೆನ್ನು ಬಾಗಬಾರದು. ಸರಿಯಿದೆಯೇ ಎಂದು ನೋಡಲು ನೆಲ ಒರೆಸುವ ಕೋಲನ್ನು ಬೆನ್ನುದ್ದಕ್ಕೂ ಹಿಡಿದುಕೊಳ್ಳಿ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬೆನ್ನುಮೂಳೆಯ ತುದಿ, ಈ ಮೂರೂ ಕಡೆ ಕೋಲು ತಾಗಿಯೇ ಇರಬೇಕು. ಬಾಗುವಾಗ ಎಲ್ಲಾದರೂ ಬಿಟ್ಟುಕೊಂಡರೆ ಅಷ್ಟಕ್ಕೇ ನಿಲ್ಲಿಸಿ, ಮೇಲೇಳಿ. ತೊಡೆಯ ಹಿಂಭಾಗ ಎಳೆದಂತಾದರೆ ಸರಿಯಾಗಿ ಮಾಡುತ್ತಿದ್ದೀರಿ. ಸೊಂಟ ಎಳೆದಂತಾದರೆ ಬೆನ್ನು ಬಾಗಿದೆ ಎಂದರ್ಥ.

ಕೋಲಿನೊಂದಿಗೆ ಒಂದು ವಾರ ಮಾಡಿ. ಆಮೇಲೆ 5 ಕೆ.ಜಿ ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು, ತೊಡೆಗೆ ಒರಸಿಕೊಂಡು ಹೋಗುವಷ್ಟು ಹತ್ತಿರದಲ್ಲೇ ಮಂಡಿಯವರೆಗೆ ಇಳಿಸಿ, ಪಿರ್ರೆ ಬಿಗಿದು ಮೇಲೇಳಿ. ಭಾರ ಮೈಯಿಂದ ದೂರ ಹೋದಷ್ಟೂ ಸೊಂಟಕ್ಕೆ ಹೊಡೆತ ಹೆಚ್ಚು. ಅದೇ ಕಾರಣಕ್ಕೆ ಕ್ರೇಟನ್ನೋ ರಾಗಿ ಚೀಲವನ್ನೋ ಎತ್ತುವ ಮೊದಲು ಕಾಲ ಬುಡಕ್ಕೆ ಎಳೆದುಕೊಳ್ಳಬೇಕು, ಎತ್ತಿ ತಿರುಗುವಾಗ ಸೊಂಟ ತಿರುಚದೆ ಪಾದವನ್ನೇ ತಿರುಗಿಸಬೇಕು. ಆರೋಗ್ಯವಾಗಿರುವವರು 12 ವಾರ ಮುಗಿಯುವಾಗ ನೆಲದಿಂದ 15 ಕೆ.ಜಿಯನ್ನು ಬೆನ್ನು ನೆಟ್ಟಗಿಟ್ಟು 8 ಸಲ ಎತ್ತುವುದನ್ನು ಗುರಿಯಾಗಿಟ್ಟುಕೊಳ್ಳಬಹುದು. ಮನೆ, ತೋಟದ ಬಹುಪಾಲು ಕೆಲಸಕ್ಕೆ ಅಷ್ಟು ಬಲ ಸಾಕಾಗುತ್ತದೆ.

ಹೊತ್ತು ನಡೆಯುವುದು. ಎರಡು ಕೈಗೆ ಎರಡು ಕ್ಯಾನು, ತಲಾ 5 ಲೀಟರ್. ತಾರಸಿಯ ಮೇಲೋ ಅಂಗಳದಲ್ಲೋ 30 ಸೆಕೆಂಡು, ಭುಜ ಇಳಿಬಿಟ್ಟು, ನೆಟ್ಟಗೆ, ಸಣ್ಣ ಹೆಜ್ಜೆಯಲ್ಲಿ ನಡೆಯಿರಿ. ಹಿಡಿತ, ಭುಜ, ಹೊಟ್ಟೆ, ಸೊಂಟ ಎಲ್ಲಕ್ಕೂ ಇದೊಂದೇ ಕೆಲಸ ಕೊಡುತ್ತದೆ. ಕೆಲವು ವಾರಗಳ ನಂತರ ಒಂದೇ ಕೈಯಲ್ಲಿ ಕ್ಯಾನು ಹಿಡಿದು, ಆ ಕಡೆಗೆ ವಾಲದಂತೆ ನಡೆಯಿರಿ. ಆಮೇಲೆ ಕೈ ಬದಲಿಸಿ. ನೀರಿನ ಘಟಕದಿಂದ ಕ್ಯಾನು ತರುವಾಗ ನಾವು ಯಾವಾಗಲೂ ಒಂದೇ ಕೈ ಬಳಸುತ್ತೇವೆ; ಅಲ್ಲಿಯೂ ಕೈ ಬದಲಿಸುವ ಅಭ್ಯಾಸ ಮಾಡಿಕೊಳ್ಳಿ.

ಐದರಲ್ಲೂ ಉಸಿರಿನ ನಿಯಮ ಒಂದೇ. ಕಷ್ಟಪಡುವಾಗ ಬಿಡುವುದು, ಇಳಿಸುವಾಗ ತೆಗೆದುಕೊಳ್ಳುವುದು. ಉಸಿರು ಕಟ್ಟಿ ಮುಕ್ಕಿದರೆ ಬಿಪಿ ಒಮ್ಮೆಲೇ ಏರುತ್ತದೆ. ಬಿಪಿ ಇರುವವರು ಗಟ್ಟಿಯಾಗಿ ಎಣಿಸುತ್ತಾ ಮಾಡಿದರೆ ಉಸಿರು ಕಟ್ಟುವುದೇ ಇಲ್ಲ.

ವಾರದ ಲೆಕ್ಕ

ಎರಡು ದಿನ ಆರಿಸಿ, ನಡುವೆ ಕನಿಷ್ಠ ಎರಡು ದಿನ ಬಿಡುವಿರಲಿ. ಮಂಗಳವಾರ, ಶುಕ್ರವಾರ ಮನೆ ತೊಳೆಯುವುದು, ಪೂಜೆ ಎಂದು ಗಡಿಬಿಡಿ ಇರುವ ಮನೆಗಳಲ್ಲಿ ಬುಧವಾರ, ಭಾನುವಾರ ಹೊಂದುತ್ತದೆ. ಶಿಫ್ಟ್ ಕೆಲಸದವರಿಗೆ ವಾರವೇ ಬದಲಾಗುತ್ತಿರುತ್ತದೆ. ನಿದ್ದೆ ಮುಗಿಸಿ ಎದ್ದ ಮೇಲೆ, ಕೆಲಸಕ್ಕೆ ಹೊರಡುವ ಮೊದಲು ಎಂದು ಇಟ್ಟುಕೊಳ್ಳಿ. ರಾತ್ರಿ ಪಾಳಿ ಮುಗಿಸಿ ಬಂದು, ನಿದ್ದೆಗೆಟ್ಟ ಮೈಯಲ್ಲಿ ಭಾರ ಎತ್ತಬೇಡಿ. ಮುದ್ದೆ ಊಟವಾದ ಮೇಲೆ ಎರಡು ಗಂಟೆಯಾದರೂ ಕಳೆದಿರಲಿ.

1–2ನೇ ವಾರ: ಪ್ರತಿ ಚಲನೆ 8 ಸಲ, ಎರಡು ಸೆಟ್ (8 ಸಲ ಮಾಡಿದರೆ ಒಂದು ಸೆಟ್, ಬಿಡುವು ಕೊಟ್ಟು ಮತ್ತೆ 8 ಸಲ ಮಾಡಿದರೆ ಎರಡು). ಚಲನೆ ಕಲಿಯುವುದಷ್ಟೇ ಕೆಲಸ, ಮುಗಿಸಿದಾಗ "ಇನ್ನೂ ಮಾಡಬಹುದಿತ್ತು" ಅನ್ನಿಸಬೇಕು.

3–6ನೇ ವಾರ: 8ರಿಂದ 12 ಸಲ, ಮೂರು ಸೆಟ್. ಸೆಟ್‌ಗಳ ನಡುವೆ ಒಂದರಿಂದ ಎರಡು ನಿಮಿಷ ಬಿಡುವು.

7–12ನೇ ವಾರ: ಹಾಗೆಯೇ ಮೂರು ಸೆಟ್, ಭಾರ ಹೆಚ್ಚು. ಮೈ ಒಪ್ಪಿದರೆ ಮೂರನೆಯ ದಿನ ಸೇರಿಸಬಹುದು, ಸೇರಿಸದಿದ್ದರೂ ನಡೆಯುತ್ತದೆ.

ಹೊತ್ತು ನಡೆಯುವುದಕ್ಕೆ ಸಲದ ಲೆಕ್ಕವಿಲ್ಲ. 30 ಸೆಕೆಂಡಿನಿಂದ ಒಂದು ನಿಮಿಷದವರೆಗೆ ಏರಿಸಿ, ಆಮೇಲೆ ನೀರು ಹೆಚ್ಚಿಸಿ.

ಭಾರ ಯಾವಾಗ ಏರಿಸಬೇಕು? ಎಲ್ಲ ಸೆಟ್‌ಗಳಲ್ಲೂ 12 ಸಲ ಸರಿಯಾಗಿ ಆದದ್ದು ಸತತ ಎರಡು ದಿನ ನೋಟ್‌ಬುಕ್ಕಿನಲ್ಲಿದ್ದರೆ ಒಂದು ಬಾಟಲಿ ಸೇರಿಸಿ, ಮತ್ತೆ 8ಕ್ಕೆ ಇಳಿಯಿರಿ. ಬರೆಯುವುದು ಹೀಗಿರಲಿ: "ಬಗ್ಗಿ ಎತ್ತುವುದು, 8 ಕೆ.ಜಿ, 10–10–9." ಒಂದು ಸಾಲು, ಅಷ್ಟೇ. ಮುಂದಿನ ಸಲ 10–10–10 ಆಗಬೇಕು ಎಂದು ಅದೇ ಹೇಳುತ್ತದೆ. ಬ್ಯಾಗಿನಲ್ಲಿ ಜಾಗ ಮುಗಿದರೆ ಇಳಿಸುವ ವೇಗ ತಗ್ಗಿಸಿ, ನಾಲ್ಕು ಎಣಿಸುತ್ತಾ ಇಳಿದರೆ ಅದೇ ಭಾರ ಹೊಸದಾಗಿ ಕಷ್ಟವಾಗುತ್ತದೆ.

ಎಷ್ಟು ಕಷ್ಟಪಡಬೇಕು ಎಂಬುದಕ್ಕೆ ಒಂದು ಅಳತೆ ಇದೆ. ಸೆಟ್ ಮುಗಿಸಿದಾಗ, ಇನ್ನು ಎರಡು ಮೂರು ಸಲ ಮಾತ್ರ ಸರಿಯಾಗಿ ಆಗುತ್ತಿತ್ತು ಅನ್ನಿಸಬೇಕು. ಹತ್ತು ಸಲ ಆಗುತ್ತಿತ್ತು ಅನ್ನಿಸಿದರೆ ಭಾರ ಕಡಿಮೆಯಾಯಿತು, ಬೆನ್ನು ಸೊಟ್ಟಗಾಗತೊಡಗಿದರೆ ಹೆಚ್ಚಾಯಿತು. ಹೊಸಬರಿಗೆ ಇದು ಬೇಗ ಅಂದಾಜಿಗೆ ಸಿಗುವುದಿಲ್ಲ. ಗೋಡೆ ಪುಷ್‌ಅಪ್ ಅಪಾಯವಿಲ್ಲದ್ದು. ಅದರಲ್ಲಿ ಒಂದು ದಿನ ಆಗುವಷ್ಟೂ ಮಾಡಿ ನೋಡಿದರೆ ಮೈಯ ಮಿತಿ ಎಲ್ಲಿದೆ ಎಂದು ಗೊತ್ತಾಗುತ್ತದೆ.

ಮೊದಲ ಮೂರು ನಾಲ್ಕು ವಾರದಲ್ಲಿ ಭಾರ ಬೇಗ ಏರುತ್ತದೆ, ಕನ್ನಡಿಯಲ್ಲಿ ಮಾತ್ರ ಏನೂ ಕಾಣುವುದಿಲ್ಲ. ನರಗಳು ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸಲು ಕಲಿಯುವ ಕಾಲ ಅದು. ಸ್ನಾಯು ಬೆಳೆದದ್ದು ಕಣ್ಣಿಗೆ ಕಾಣಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಬಹಳ ಜನ ಬಿಟ್ಟುಬಿಡುವುದು ಈ ನಡುವಿನ ಅವಧಿಯಲ್ಲೇ. ಆಗ ನೋಟ್‌ಬುಕ್ಕಿನ ಹಳೆಯ ಪುಟ ತಿರುಗಿಸಿ ನೋಡಿ.

ಯಾವ ನೋವು ಸರಿ, ಯಾವುದು ಅಲ್ಲ

ಮರುದಿನ ಮತ್ತು ಮೂರನೆಯ ದಿನ ತೊಡೆ, ಎದೆ, ರಟ್ಟೆ ಎರಡೂ ಕಡೆ ಸಮನಾಗಿ ನೋಯುವುದು ಸಹಜ. ಹೊಸ ಕೆಲಸಕ್ಕೆ ಸ್ನಾಯು ಒಗ್ಗುವ ನೋವು ಅದು, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಮೆಲ್ಲಗೆ ಓಡಾಡಿ, ಮಲಗಿಬಿಡಬೇಡಿ. ಕೀಲಿನೊಳಗೆ ಚುಚ್ಚುವ ನೋವು, ಒಂದೇ ಕಡೆಯ ನೋವು, ಊತ, ಜೋಮು ಬಂದರೆ ಆ ಚಲನೆ ನಿಲ್ಲಿಸಿ. ಮಾಡುವಾಗ ಎದೆ ಬಿಗಿತ, ತಲೆಸುತ್ತು, ಅತಿಯಾದ ಏದುಸಿರು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನೊಂದು ಎಚ್ಚರಿಕೆ, ವಿಶೇಷವಾಗಿ ಹುಡುಗರಿಗೆ. ಪಂದ್ಯ ಕಟ್ಟಿ, ಅಭ್ಯಾಸವಿಲ್ಲದ ಮೈಯಲ್ಲಿ ಒಂದೇ ದಿನ ಇನ್ನೂರು ಮುನ್ನೂರು ಬಸ್ಕಿ ಹೊಡೆಯುವುದು ಆಟದ ಮಾತಲ್ಲ. ಸ್ನಾಯು ಅತಿಯಾಗಿ ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ತೀವ್ರ ನೋವು, ಊತದ ಜೊತೆಗೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ತಡ ಮಾಡಬೇಡಿ. ನೋವಿನ ಮಾತ್ರೆ ನುಂಗಿ ಕಾಯುವುದು ಇನ್ನೂ ಕೆಡುಕು.

ತಟ್ಟೆಯಲ್ಲಿ ಏನಿರಬೇಕು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅದರ ರಾಷ್ಟ್ರೀಯ ಪೋಷಣಾ ಸಂಸ್ಥೆಯ (ಐಸಿಎಂಆರ್–ಎನ್‌ಐಎನ್) 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕೆ.ಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ ತೂಕದವರಿಗೆ ಸುಮಾರು 50 ಗ್ರಾಂ. ಕಸುವಿನ ವ್ಯಾಯಾಮ ಮಾಡುವವರಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಕೆ.ಜಿಗೆ 1.2ರಿಂದ 1.6 ಗ್ರಾಂ, ಅಂದರೆ ಅದೇ ವ್ಯಕ್ತಿಗೆ 70ರ ಮೇಲೆ. ಮೂತ್ರಪಿಂಡದ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ರಾಗಿ ನಮ್ಮ ಹೆಮ್ಮೆ, 100 ಗ್ರಾಂ ಹಿಟ್ಟಿನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೆ ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ. ಮುದ್ದೆಯ ಗಾತ್ರ ಹೆಚ್ಚಿಸಿದರೆ ಸ್ನಾಯು ಬೆಳೆಯುವುದಿಲ್ಲ, ಅದರ ಜೊತೆಗೆ ಏನು ತಿನ್ನುತ್ತೀರಿ ಎಂಬುದನ್ನು ನೋಡಬೇಕು. ನಮ್ಮ ಬಸ್ಸಾರನ್ನೇ ತೆಗೆದುಕೊಳ್ಳಿ. ಕಾಳು-ಸೊಪ್ಪು ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ಪ್ರೋಟೀನಿನ ದೊಡ್ಡ ಪಾಲು ಇರುವುದು ಪಲ್ಯದಲ್ಲಿ. ಸಾರನ್ನು ಮುದ್ದೆಗೆ ಸುರಿದುಕೊಂಡು, ಪಲ್ಯವನ್ನು ತಟ್ಟೆಯ ಅಂಚಿಗೆ ಒಂದು ಚಮಚ ಹಾಕಿಕೊಂಡರೆ ಕಾಳು ತಿಂದ ಹಾಗಾಗುವುದಿಲ್ಲ. ಒಂದು ಬಟ್ಟಲು ತುಂಬ ಹಾಕಿಕೊಳ್ಳಿ. ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರುವ ಹೆಂಗಸರಿಗೆ ಪಾತ್ರೆಯಲ್ಲಿ ಪಲ್ಯ ಉಳಿದಿರುತ್ತದೆಯೇ ಎಂದು ಮನೆಯವರೆಲ್ಲ ನೋಡಬೇಕು. ಹುರುಳಿಯದೂ ಅದೇ ಕಥೆ. ಕಟ್ಟು ಸಾರಿಗೆ, ಕಾಳು ದನಕ್ಕೆ ಎಂಬ ರೂಢಿ ಹಲವು ಮನೆಗಳಲ್ಲಿತ್ತು. 100 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಅದು ನಮ್ಮ ಹೊಟ್ಟೆಗೂ ಹೋಗಬೇಕು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು ಇನ್ನೂ ಒಳ್ಳೆಯದು, ಅಲ್ಲಿ ಬೇಳೆ ಸಾರಿನಲ್ಲೇ ಇರುತ್ತದೆ.

ಒಂದು ದಿನದ ಲೆಕ್ಕ ಹೀಗೆ ಕೂಡುತ್ತದೆ. ಎರಡು ಮೊಟ್ಟೆ 12 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜ 7, ಹಾಲು-ಮೊಸರು ಸೇರಿ 400 ಮಿಲಿಲೀಟರ್ 13, ಕಾಳು-ಬೇಳೆ 60 ಗ್ರಾಂ 13, ರಾಗಿ ಮತ್ತು ಅಕ್ಕಿಯಿಂದ 16ರ ಸುತ್ತಮುತ್ತ. 60 ದಾಟಿತು. ಬಾಡೂಟದ ದಿನ ಕೋಳಿ 100 ಗ್ರಾಂ ಸೇರಿದರೆ ಇನ್ನು 20. ಮೊಟ್ಟೆ ತಿನ್ನದವರು 25 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಪಲ್ಯಕ್ಕೆ ಹಾಕಿದರೆ 13 ಗ್ರಾಂ ಸಿಗುತ್ತದೆ. ಹಾಲಿನ ಜಿಲ್ಲೆಯವರು ನಾವು. ಮನೆಯಲ್ಲಿ ಕರೆದ ಹಾಲೆಲ್ಲ ಡೇರಿಗೆ ಹೋಗಿ ಮಕ್ಕಳಿಗೆ ಬರೀ ಟೀ ಉಳಿಯುವ ಮನೆಗಳೂ ಇವೆ. ದಿನಕ್ಕೆ ಅರ್ಧ ಲೀಟರನ್ನಾದರೂ ಮನೆಗೆ ಎತ್ತಿಡಿ ಎಂದು ಕೇಳಿಕೊಳ್ಳುತ್ತೇನೆ. ಸಾವಿರಾರು ರೂಪಾಯಿಯ ಪೌಡರ್ ಡಬ್ಬ ಈ ಹಂತದಲ್ಲಿ ಯಾರಿಗೂ ಬೇಕಿಲ್ಲ.

ಹೊಟ್ಟೆ ಕರಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಹೊಟ್ಟೆಗೆ ಮಾಡುವ ಯಾವ ವ್ಯಾಯಾಮವೂ ಹೊಟ್ಟೆಯ ಕೊಬ್ಬನ್ನಷ್ಟೇ ಕರಗಿಸುವುದಿಲ್ಲ. ಒಟ್ಟು ಊಟ, ಓಡಾಟ, ನಿದ್ದೆ ಸರಿಯಾದರೆ ಇಡೀ ಮೈಯದು ಇಳಿಯುತ್ತಾ ಬರುತ್ತದೆ.

ಹೆಂಗಸರಿಗೆ, ಹಿರಿಯರಿಗೆ

ಭಾರ ಎತ್ತಿದರೆ ಗಂಡಸರ ಮೈಯಾಗುತ್ತದೆ ಎಂಬ ಭಯ ಬೇಡ. ಅಂಥ ಮೈ ಬೆಳೆಯಲು ಬೇಕಾದ ಹಾರ್ಮೋನ್ ಹೆಂಗಸರಲ್ಲಿ ಬಹಳ ಕಡಿಮೆ. ಮುಟ್ಟಿನ ದಿನಗಳಲ್ಲಿ ಮೈ ಒಪ್ಪಿದರೆ ಮಾಡಬಹುದು, ಸುಸ್ತಾದರೆ ಒಂದು ಸೆಟ್ ಕಡಿಮೆ ಮಾಡಿ. ಮುಟ್ಟು ನಿಂತ ನಂತರ ಮೂಳೆ ವೇಗವಾಗಿ ಸವೆಯುವುದರಿಂದ ಈ ವ್ಯಾಯಾಮದ ಅಗತ್ಯ ಅವರಿಗೇ ಹೆಚ್ಚು.

60 ದಾಟಿದವರು ಕುರ್ಚಿಯಿಂದ ಏಳುವುದು, ಗೋಡೆ ತಳ್ಳುವುದು, ಅರ್ಧ ಲೀಟರಿನ ಬಾಟಲಿ ಎತ್ತುವುದು, ಇಷ್ಟರಿಂದ ಶುರು ಮಾಡಲಿ. ಕಿಟಕಿ ಸರಳು ಹಿಡಿದು ಒಂಟಿ ಕಾಲಲ್ಲಿ ಹತ್ತು ಸೆಕೆಂಡು ನಿಲ್ಲುವುದನ್ನು ದಿನಾ ಮಾಡಲಿ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡವರು ಮತ್ತೆ ಮೊದಲಿನಂತೆ ಓಡಾಡುವುದು ಎಷ್ಟು ಕಷ್ಟ ಎಂದು ಪ್ರತಿ ಮನೆಗೂ ಗೊತ್ತು. ಕಾಲಿನ ಬಲ ಮತ್ತು ಸಮತೋಲ ಆ ಬೀಳುವಿಕೆಯನ್ನು ತಡೆಯಲು ನೆರವಾಗುತ್ತವೆ. ಹತ್ತಿರ ಒಬ್ಬರು ನಿಂತಿರಿ.

ನಡುವೆ ತಪ್ಪಿಹೋದರೆ, 12 ವಾರ ಮುಗಿದರೆ

ಜಾತ್ರೆ, ಮದುವೆ, ಸುಗ್ಗಿ ಎಂದು ಒಂದು ವಾರ ತಪ್ಪಿದರೆ ಬಿಟ್ಟಲ್ಲಿಂದಲೇ ಮುಂದುವರಿಸಿ. ಎರಡು ಮೂರು ವಾರವಾದರೆ ಭಾರವನ್ನು ಅರ್ಧಕ್ಕೆ ಇಳಿಸಿ, ಎರಡೇ ಸೆಟ್ ಮಾಡಿ. ಒಮ್ಮೆ ಕಟ್ಟಿದ ಬಲ ಮೊದಲಿಗಿಂತ ಬೇಗ ವಾಪಸು ಬರುತ್ತದೆ. ಡೆಂಗಿ, ಚಿಕೂನ್‌ಗುನ್ಯಾದಂಥ ಜ್ವರ ಬಂದು ಹೋದ ಮೇಲೆ ಆತುರ ಬೇಡ. ಜ್ವರ ಪೂರ್ತಿ ಬಿಟ್ಟು, ಊಟ ಸೇರಿ, ಕೀಲು ನೋವು ಇಳಿದ ನಂತರ ಭಾರವಿಲ್ಲದೆ ಮತ್ತೆ ಶುರು ಮಾಡಿ.

12 ವಾರದ ಕೊನೆಯ ದಿನ ಮೊದಲ ಪುಟದ ಎರಡು ಪರೀಕ್ಷೆಗಳನ್ನು ಮತ್ತೆ ಮಾಡಿ, ಹೊಸ ಅಂಕಿಯನ್ನು ಪಕ್ಕದಲ್ಲಿ ಬರೆಯಿರಿ. ಹಣ ಖರ್ಚು ಮಾಡುವುದಾದರೆ ಅದಕ್ಕೆ ಸರಿಯಾದ ಸಮಯ ಅದು. ಬಾಗಿಲಿಗೆ ಸಿಕ್ಕಿಸುವ ಒಂದು ರೆಸಿಸ್ಟೆನ್ಸ್ ಬ್ಯಾಂಡ್ (ಎಳೆದರೆ ಹಿಗ್ಗುವ ರಬ್ಬರ್ ಪಟ್ಟಿ), ಇಲ್ಲವೇ ಪ್ಲೇಟ್ ಬದಲಿಸಬಹುದಾದ ಒಂದು ಜೊತೆ ಡಂಬೆಲ್ ತೆಗೆದುಕೊಳ್ಳಿ. ಒಂದೇ ತೂಕದ್ದನ್ನು ಕೊಂಡರೆ ಕೆಲವೇ ತಿಂಗಳಲ್ಲಿ ಹಗುರವಾಗಿಬಿಡುತ್ತದೆ. ಡಂಬೆಲ್ ಬಂದ ಮೇಲೂ ಚಲನೆಗಳು ಅವೇ ಐದು. ಆರನೆಯದಾಗಿ ತಲೆಯ ಮೇಲಕ್ಕೆ ಎತ್ತುವುದನ್ನು ಸೇರಿಸಿ, 2 ಕೆ.ಜಿಯಿಂದ.